ಎಸ್.ಎಸ್.ಎಲ್.ಸಿ. ಪರೀಕ್ಷೆ: ಮಂಡಳಿಯ ಇತ್ತೀಚಿನ ನಿರ್ಧಾರಗಳು ಹಾಗೂ ವಿದ್ಯಾರ್ಥಿಗಳಿಗೆ ದೊರೆಯುವ ನೆರವು (ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ)

ಪೀಠಿಕೆ

ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳಲ್ಲಿ ಹಲವರು ಮರುವರ್ಷ ಶಾಲೆಯತ್ತ ಬರುವುದಿಲ್ಲ. ಗಂಡುಮಕ್ಕಳು ಕೂಲಿಗೆ ಹೋಗುವುದು, ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ವಿವಾಹದ ಮಾತುಕತೆ ನಡೆಯುವುದು ಗ್ರಾಮಾಂತರ ಪ್ರದೇಶದಲ್ಲಿ ಅಪರೂಪವಲ್ಲ. ಇಂತಹ ಮಕ್ಕಳಿಗೆ ಮತ್ತೊಂದು ಅವಕಾಶ ಒದಗಿಸುವ ಉದ್ದೇಶದಿಂದ ಕಳೆದ ಕೆಲವು ವರ್ಷಗಳಲ್ಲಿ ಹಲವು ನಿರ್ಧಾರಗಳನ್ನು ಕೈಗೊಳ್ಳಲಾಗಿದೆ. ಆದರೆ ನಿಗದಿತ ದಿನಾಂಕದೊಳಗೆ ನೋಂದಣಿ ಮಾಡಿಸಿಕೊಂಡವರಿಗೆ ಹಾಗೂ ದಾಖಲೆಗಳನ್ನು ಸರಿಯಾಗಿ ಸಲ್ಲಿಸಿದವರಿಗೆ ಮಾತ್ರ ಇವುಗಳ ಪ್ರಯೋಜನ ದೊರೆಯುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

1. ಪರೀಕ್ಷಾ ಮಂಡಳಿ

ಈ ಹಿಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ನಡೆಸುತ್ತಿತ್ತು. 2022ರಲ್ಲಿ ಪದವಿ ಪೂರ್ವ ಪರೀಕ್ಷೆಗಳ ಕಾರ್ಯವನ್ನೂ ಒಳಗೊಂಡಂತೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಅಸ್ತಿತ್ವಕ್ಕೆ ಬಂದಿದೆ. ಜಿಲ್ಲೆಯಲ್ಲಿ ಪರೀಕ್ಷಾ ಕಾರ್ಯಗಳ ಮೇಲ್ವಿಚಾರಣೆಯು ಚಿತ್ರದುರ್ಗದಲ್ಲಿರುವ ಉಪನಿರ್ದೇಶಕರ ಕಚೇರಿಗೆ ಸೇರಿರುತ್ತದೆ. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.

2023ರ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆಯು ಶೇ. 96.80ರೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆದಿತ್ತು. ಅಂದು ರಾಜ್ಯದ ಫಲಿತಾಂಶ ಶೇ. 83.89 ಆಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಜಾರಿಗೆ ಬಂದಿತು. ಆ ವರ್ಷದ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಪ್ರಥಮ ಸ್ಥಾನವು ಉಡುಪಿ ಜಿಲ್ಲೆಯ ಪಾಲಾಯಿತು. ಆ ಪರೀಕ್ಷೆಗೆ ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಹೆಚ್ಚಿಸಿದ ನಂತರದ ಫಲಿತಾಂಶವೇ ಇದಾಗಿತ್ತು. ಈ ಹೆಚ್ಚಳವು ಒಂದು ಬಾರಿಗೆ ಮಾತ್ರ ಸೀಮಿತವಾಗಿತ್ತು. ಆದ್ದರಿಂದ ಕೃಪಾಂಕವನ್ನು ನಂಬಿ ಕುಳಿತುಕೊಳ್ಳದೆ, ಈ ಕೆಳಗೆ ವಿವರಿಸಿರುವ ಅವಕಾಶಗಳನ್ನು ಬಳಸಿಕೊಳ್ಳುವುದು ಸೂಕ್ತ.

2. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ

2023-24ನೇ ಸಾಲಿನಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರನ್ನು ಕೈಬಿಟ್ಟು, ಪರೀಕ್ಷೆ-1, ಪರೀಕ್ಷೆ-2 ಮತ್ತು ಪರೀಕ್ಷೆ-3 ಎಂಬ ಪದ್ಧತಿಯನ್ನು ಜಾರಿಗೊಳಿಸಲಾಯಿತು. 2024 ಮತ್ತು 2025ರಲ್ಲಿ ಈ ಮೂರೂ ಪರೀಕ್ಷೆಗಳು ನಡೆದಿರುತ್ತವೆ. ಯಾವ ವರ್ಷ ಎಷ್ಟು ಪರೀಕ್ಷೆಗಳು ನಡೆಯುತ್ತವೆ ಎಂಬುದನ್ನು ಆಯಾ ವರ್ಷದ ವೇಳಾಪಟ್ಟಿಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಈ ಪದ್ಧತಿಯ ಮುಖ್ಯ ಅಂಶಗಳು:

(ಅ) ಅನುತ್ತೀರ್ಣರಾದ ವಿದ್ಯಾರ್ಥಿಯು ಆ ವಿಷಯಗಳಿಗೆ ಮಾತ್ರ ಮುಂದಿನ ಪರೀಕ್ಷೆಯನ್ನು ಬರೆಯಬಹುದು.
(ಆ) ಉತ್ತೀರ್ಣರಾದವರೂ ಅಂಕ ಸುಧಾರಣೆಗಾಗಿ ಮುಂದಿನ ಪರೀಕ್ಷೆಗೆ ಹಾಜರಾಗಬಹುದು. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದಾದ್ದರಿಂದ ಹಿಂದಿನ ಅಂಕ ಕಳೆದುಹೋಗುವ ಭಯ ಬೇಕಾಗಿಲ್ಲ.
(ಇ) ಶಾಲಾ ವಿದ್ಯಾರ್ಥಿಗಳಿಗೆ ಶೇ. 75ರಷ್ಟು ಹಾಜರಾತಿ ಅಗತ್ಯ. ಕೆಲಸಕ್ಕಾಗಿ ಕುಟುಂಬ ಸಮೇತ ಬೇರೆ ಊರಿಗೆ ತೆರಳುವ ಪೋಷಕರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಗುವನ್ನು ಜೊತೆಯಲ್ಲಿ ಕರೆದೊಯ್ಯುವ ಬದಲು ವಿದ್ಯಾರ್ಥಿನಿಲಯಕ್ಕೆ ಸೇರಿಸುವ ಬಗ್ಗೆ ಮುಖ್ಯ ಶಿಕ್ಷಕರೊಂದಿಗೆ ಮೊದಲೇ ಮಾತನಾಡುವುದು ಒಳಿತು.

3. ಉತ್ತೀರ್ಣತೆಗೆ ಬೇಕಾದ ಅಂಕಗಳು

2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ನಿರ್ಧಾರದಂತೆ, 2025-26ನೇ ಸಾಲಿನಿಂದ ಉತ್ತೀರ್ಣತೆಯ ಮಟ್ಟವನ್ನು ಶೇ. 35ರಿಂದ ಶೇ. 33ಕ್ಕೆ ಇಳಿಸಲಾಗಿದೆ. ಇದರಲ್ಲಿ ಎರಡು ಷರತ್ತುಗಳಿದ್ದು, ಎರಡೂ ಒಟ್ಟಿಗೆ ಈಡೇರಬೇಕು:

(ಅ) ಒಟ್ಟು 625 ಅಂಕಗಳಿಗೆ ಕನಿಷ್ಠ 206 ಅಂಕ.
(ಆ) ಆಂತರಿಕ ಮೌಲ್ಯಮಾಪನ ಮತ್ತು ಲಿಖಿತ ಪರೀಕ್ಷೆ ಸೇರಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಅಂಕ.

ಎಲ್ಲ ವಿಷಯಗಳಲ್ಲಿ ಶೇ. 30 ಬಂದರೆ ಸಾಕೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಆರೂ ವಿಷಯಗಳಲ್ಲಿ ಕೇವಲ ಶೇ. 30 ಬಂದಲ್ಲಿ ಒಟ್ಟು ಅಂಕ 188ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಉತ್ತೀರ್ಣತೆಗೆ ಇನ್ನೂ 18 ಅಂಕಗಳು ಬೇಕಾಗುತ್ತವೆ. ಒಂದೆರಡು ವಿಷಯಗಳಲ್ಲಿ ಹೆಚ್ಚಿನ ಅಂಕ ಗಳಿಸಿದಾಗ ಮಾತ್ರ ಉಳಿದ ವಿಷಯಗಳ ಕೊರತೆ ತುಂಬುತ್ತದೆ.

ಉದಾಹರಣೆ: ವಿದ್ಯಾರ್ಥಿಯೊಬ್ಬರಿಗೆ ಪ್ರಥಮ ಭಾಷೆಯಲ್ಲಿ 125ಕ್ಕೆ 48, ದ್ವಿತೀಯ ಭಾಷೆಯಲ್ಲಿ 36, ತೃತೀಯ ಭಾಷೆಯಲ್ಲಿ 35, ಗಣಿತದಲ್ಲಿ 30, ವಿಜ್ಞಾನದಲ್ಲಿ 30, ಸಮಾಜ ವಿಜ್ಞಾನದಲ್ಲಿ 32 ಅಂಕ ಬಂದಿದೆ ಎಂದಿಟ್ಟುಕೊಳ್ಳೋಣ. ಒಟ್ಟು 211. ಮೇಲ್ಕಂಡ ನಿಯಮದಂತೆ ಇವರು ಉತ್ತೀರ್ಣರು. ಶೇ. 35ರ ನಿಯಮವಿದ್ದಲ್ಲಿ, ಕೃಪಾಂಕದ ಹೊರತಾಗಿ, ಕೊನೆಯ ಮೂರು ವಿಷಯಗಳಲ್ಲಿ ಅನುತ್ತೀರ್ಣರಾಗುತ್ತಿದ್ದರು.

ಆಂತರಿಕ ಅಂಕಗಳು ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಇರುತ್ತವೆ. ಇವು ವರ್ಷವಿಡೀ ಶಾಲೆಯಲ್ಲಿ ನಡೆಯುವ ಪರೀಕ್ಷೆ ಮತ್ತು ಚಟುವಟಿಕೆಗಳಿಂದ ಬರುವುದರಿಂದ, ದಿನನಿತ್ಯದ ಹಾಜರಾತಿಯೇ ಉತ್ತೀರ್ಣತೆಯ ಮೊದಲ ಮೆಟ್ಟಿಲು ಎಂಬುದನ್ನು ಪೋಷಕರು ಅರಿಯಬೇಕು. ಈ ನಿಯಮಗಳಿಗೆ ತಿದ್ದುಪಡಿಯಾದಲ್ಲಿ ಶಾಲೆಯ ಸೂಚನಾ ಫಲಕದಲ್ಲಿ ಪ್ರಕಟವಾಗುವ ಆದೇಶವೇ ಅಂತಿಮ.

4. ಅನುತ್ತೀರ್ಣರಾದಲ್ಲಿ ಮುಂದೇನು?

ಮೊದಲನೆಯದಾಗಿ, ಫಲಿತಾಂಶದ ಬಗ್ಗೆ ಸಂದೇಹವಿದ್ದಲ್ಲಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗಾಗಿ ಮಂಡಳಿಯ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಪ್ರತಿಯನ್ನು ಪಡೆದ ನಂತರವೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಅವಕಾಶವಿರುತ್ತದೆ. ಇದಕ್ಕೆ ನೀಡುವ ಕಾಲಾವಕಾಶ ಕೆಲವೇ ದಿನಗಳದ್ದಾಗಿರುತ್ತದೆ. ಸ್ಕ್ಯಾನ್ ಪ್ರತಿಯನ್ನು ವಿಷಯ ಶಿಕ್ಷಕರಿಗೆ ತೋರಿಸಿ, ಅವರ ಸಲಹೆ ಪಡೆದು ಮುಂದುವರಿಯುವುದರಿಂದ ಅನಗತ್ಯ ಶುಲ್ಕ ಉಳಿಯುತ್ತದೆ.

ಎರಡನೆಯದಾಗಿ, ಮರುಮೌಲ್ಯಮಾಪನದ ಫಲಿತಾಂಶಕ್ಕೆ ಕಾಯದೆ ಮುಂದಿನ ಪರೀಕ್ಷೆಗೆ ನೋಂದಾಯಿಸಿಕೊಳ್ಳತಕ್ಕದ್ದು. ನೋಂದಣಿಯನ್ನು ಮುಖ್ಯ ಶಿಕ್ಷಕರು ಶಾಲೆಯ ಲಾಗಿನ್ ಮೂಲಕ ಮಾಡುವುದರಿಂದ ವಿದ್ಯಾರ್ಥಿಯು ತಾನು ಓದಿದ ಶಾಲೆಯನ್ನೇ ಸಂಪರ್ಕಿಸಬೇಕು.

ಮೂರನೆಯದಾಗಿ, ಎಲ್ಲ ಪರೀಕ್ಷೆಗಳ ನಂತರವೂ ಅನುತ್ತೀರ್ಣರಾಗಿ ಉಳಿದವರಿಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಮರುದಾಖಲಾಗುವ ಅವಕಾಶವನ್ನು 2024-25ನೇ ಸಾಲಿನಲ್ಲಿ ಕಲ್ಪಿಸಲಾಯಿತು. ಮರುದಾಖಲಾದ ವಿದ್ಯಾರ್ಥಿಯು ಇತರರಂತೆಯೇ ತರಗತಿಯಲ್ಲಿ ಕುಳಿತು ಪಾಠ ಕೇಳಬಹುದು. ಪ್ರಸಕ್ತ ಸಾಲಿನ ಮರುದಾಖಲಾತಿಯ ಷರತ್ತು ಮತ್ತು ಕೊನೆಯ ದಿನಾಂಕವನ್ನು ಮುಖ್ಯ ಶಿಕ್ಷಕರಲ್ಲಿ ವಿಚಾರಿಸುವುದು. ಹೆಣ್ಣುಮಗುವಿನ ವಿಷಯದಲ್ಲಿ ಈ ಅವಕಾಶವನ್ನು ಪೋಷಕರು ಖಂಡಿತವಾಗಿ ಪರಿಗಣಿಸಬೇಕೆಂದು ಕೋರಲಾಗಿದೆ. ಹದಿನೆಂಟು ವರ್ಷದೊಳಗಿನ ಹೆಣ್ಣುಮಗುವಿನ ವಿವಾಹವು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಇಂತಹ ಪ್ರಯತ್ನ ಕಂಡುಬಂದಲ್ಲಿ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

5. ಶಾಲೆಯಲ್ಲಿ ದೊರೆಯುವ ನೆರವು

(ಅ) ಪಠ್ಯಪುಸ್ತಕ ಮತ್ತು ಸಮವಸ್ತ್ರ: ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ಉಚಿತ. ಪಠ್ಯಪುಸ್ತಕಗಳು ಅನುದಾನಿತ ಶಾಲೆಗಳ ಮಕ್ಕಳಿಗೂ ದೊರೆಯುತ್ತವೆ.
(ಆ) ಆಹಾರ: ಮಧ್ಯಾಹ್ನದ ಬಿಸಿಯೂಟದ ಜೊತೆಗೆ, 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಹಾಲು, 2024ರ ಫೆಬ್ರವರಿಯಿಂದ ರಾಗಿ ಮಾಲ್ಟ್. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಿಂದ ಮೊಟ್ಟೆ ವಿತರಣೆಯನ್ನು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು. ಮೊಟ್ಟೆ ಸೇವಿಸದವರಿಗೆ ಬಾಳೆಹಣ್ಣು.
(ಇ) ಪ್ರಯಾಣ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು. ವಿದ್ಯಾರ್ಥಿಗಳು ರಿಯಾಯಿತಿ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬೇಕು.
(ಈ) ವಿಕಲಚೇತನ ವಿದ್ಯಾರ್ಥಿಗಳು: ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹಾಗೂ ಬರಹಗಾರರ ನೆರವು ಲಭ್ಯವಿದೆ. ವೈದ್ಯಕೀಯ ಪ್ರಮಾಣಪತ್ರವನ್ನು ಪರೀಕ್ಷಾ ನೋಂದಣಿಯ ವೇಳೆಯಲ್ಲಿಯೇ ಶಾಲೆಗೆ ನೀಡಬೇಕು.

6. ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸಬೇಕು. ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳ ಪ್ರವೇಶಕ್ಕೆ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬೇಕು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಪ್ರತ್ಯೇಕ ಶೈಕ್ಷಣಿಕ ಸಹಾಯಧನವಿದೆ. ಅಗತ್ಯ ದಾಖಲೆಗಳು:

1) ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ (ಶಾಲೆಯಲ್ಲಿ ದೊರೆಯುತ್ತದೆ)
2) ವಿದ್ಯಾರ್ಥಿಯ ಮತ್ತು ಪೋಷಕರ ಆಧಾರ್
3) ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ
4) ಆಧಾರ್ ಜೋಡಣೆಯಾಗಿರುವ ಬ್ಯಾಂಕ್ ಖಾತೆ

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಆಯಾ ತಾಲ್ಲೂಕಿನ ಕಸಬಾ ಹೋಬಳಿಯಲ್ಲದೆ, ಚಿತ್ರದುರ್ಗ ತಾಲ್ಲೂಕಿನವರು ಭರಮಸಾಗರ, ತುರುವನೂರು, ಹಿರೇಗುಂಟನೂರು; ಹಿರಿಯೂರಿನವರು ಐಮಂಗಲ, ಧರ್ಮಪುರ, ಜವಗೊಂಡನಹಳ್ಳಿ; ಹೊಸದುರ್ಗದವರು ಮಾಡದಕೆರೆ, ಮತ್ತೋಡು, ಶ್ರೀರಾಂಪುರ; ಹೊಳಲ್ಕೆರೆಯವರು ರಾಮಗಿರಿ, ತಾಳ್ಯ, ಬಿ.ದುರ್ಗ ಹೋಬಳಿಗಳಲ್ಲಿ, ತಮ್ಮ ಗ್ರಾಮ ಸೇರಿರುವ ಹೋಬಳಿಯ ಕಚೇರಿಗೆ ಹೋಗಬೇಕು. ಅರ್ಜಿಗೆ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು. ವಿಳಂಬವಾದಲ್ಲಿ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ.

7. ಅರ್ಜಿಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು

ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಮತ್ತೊಂದು ಹೆಸರು ಇದ್ದಲ್ಲಿ ಅರ್ಜಿಯು ತಂತ್ರಾಂಶದಲ್ಲಿ ತಾಳೆಯಾಗುವುದಿಲ್ಲ. ಇನಿಶಿಯಲ್ ಹಿಂದುಮುಂದಾಗಿರುವುದೂ ಇದಕ್ಕೆ ಕಾರಣವಾಗಬಹುದು. ಖಾತೆಗೆ ಆಧಾರ್ ಜೋಡಣೆಯಾಗದಿದ್ದಲ್ಲಿ ಮಂಜೂರಾದ ಹಣವೂ ಜಮೆಯಾಗುವುದಿಲ್ಲ. ಬ್ಯಾಂಕ್ ಪಾಸ್‌ಪುಸ್ತಕವಿದ್ದ ಮಾತ್ರಕ್ಕೆ ಜೋಡಣೆಯಾಗಿದೆ ಎಂದು ತಿಳಿಯಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯು ಜನ್ಮದಿನಾಂಕಕ್ಕೆ ಜೀವನಪರ್ಯಂತ ದಾಖಲೆಯಾಗಿ ಬಳಕೆಯಾಗುತ್ತದೆ. ಪರೀಕ್ಷಾ ನೋಂದಣಿಗೆ ಮುನ್ನ ಶಾಲೆಯಲ್ಲಿ ನೀಡುವ ಕರಡು ಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರು, ತಂದೆ ತಾಯಿಯ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿ ಸಹಿ ಮಾಡಬೇಕು. ಅಂಕಪಟ್ಟಿ ಮುದ್ರಣವಾದ ನಂತರದ ತಿದ್ದುಪಡಿ ಬಹಳ ಕಷ್ಟಕರ. ಓದಲು ಬಾರದ ಪೋಷಕರು ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಶಿಕ್ಷಕರಿಂದ ಓದಿಸಿ ಕೇಳಿಕೊಳ್ಳುವುದು ಅವರ ಹಕ್ಕಾಗಿದೆ.

8. ತೊಂದರೆಯಾದಲ್ಲಿ

ಪ್ರಥಮವಾಗಿ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯುವುದು. ಆಹಾರ, ಸಮವಸ್ತ್ರ ಮುಂತಾದ ವಿಷಯಗಳನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಬಹುದು. 2001ರ ಸರ್ಕಾರಿ ಆದೇಶದಂತೆ ರಚನೆಯಾಗಿ ಬಂದಿರುವ ಈ ಸಮಿತಿಯಲ್ಲಿ ಪೋಷಕರೇ ಚುನಾಯಿತ ಸದಸ್ಯರಾಗಿರುತ್ತಾರೆ. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ತದನಂತರ ಉಪನಿರ್ದೇಶಕರಿಗೆ ಮನವಿ ಸಲ್ಲಿಸಬಹುದಾಗಿದೆ.

ಸೂಚನೆ: ನೋಂದಣಿ, ಶುಲ್ಕ ಹಾಗೂ ಪರೀಕ್ಷಾ ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ. ಅರ್ಜಿ ಸಲ್ಲಿಸುವ ಮೊದಲು ಶಾಲೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಮಧ್ಯವರ್ತಿಗಳನ್ನು ಆಶ್ರಯಿಸಬಾರದೆಂದು, ಮಗುವು ಒಮ್ಮೆ ಅನುತ್ತೀರ್ಣವಾಯಿತೆಂಬ ಕಾರಣಕ್ಕೆ ಶಾಲೆ ಬಿಡಿಸಬಾರದೆಂದು ಪೋಷಕರಲ್ಲಿ ವಿನಂತಿಸಲಾಗಿದೆ.