ಕುಲ್ಫಿಯಿಂದ ಹಸಿರು ಚುಕ್ಕೆಯವರೆಗೆ: ತಂಪು ತಿನಿಸಿನ ಚರಿತ್ರೆ ಮತ್ತು ಹಲಾಲ್‌ನ ಪ್ರಶ್ನೆ

ಬೇಸಿಗೆ ಬಂತೆಂದರೆ ನಮ್ಮ ಯಾದಗಿರಿ ಸೀಮೆಯಲ್ಲಿ ಬಂಡೆಗಲ್ಲು ಕೂಡ ಕೆಂಡದಂತೆ ಕಾಯುತ್ತದೆ. ಹತ್ತಿಕುಣಿಯಂಥ ಊರುಗಳಲ್ಲಿ ಝುಹರ್ ನಮಾಝ್ ಮುಗಿಸಿ ಹೊರಬರುವ ಮಕ್ಕಳ ಕಣ್ಣು ಮೊದಲು ಹುಡುಕುವುದು ಐಸ್‌ಕ್ರೀಮ್ ಗಾಡಿಯನ್ನು. ಓದಲು, ದುಡಿಯಲು ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಹೋದ ನಮ್ಮ ಯುವಕರು ದೊಡ್ಡ ಕಂಪನಿಗಳ ಗಾಜಿನ ಅಂಗಡಿಗಳಲ್ಲಿ ಮೂವತ್ತು ಬಗೆಯ ಐಸ್‌ಕ್ರೀಮ್ ನೋಡುತ್ತಾರೆ. ರಜೆಗೆ ಊರಿಗೆ ಬಂದಾಗ ಕೇಳುತ್ತಾರೆ: "ಹಜರತ್, ಇದರಲ್ಲಿ ಹಂದಿಯ ಜೆಲಟಿನ್ ಇರುತ್ತದಂತೆ, ತಿನ್ನಬಹುದೆ?" ಜುಮಾ ಬಯಾನಿನ ಹತ್ತು ನಿಮಿಷದಲ್ಲಿ ಇದಕ್ಕೆ ಪೂರ್ಣ ಉತ್ತರ ಹೇಳಲಾಗದು. ಏಕೆಂದರೆ ಉತ್ತರ ಫಿಕ್ಹ್‌ನಲ್ಲಿ ಎಷ್ಟಿದೆಯೋ ಚರಿತ್ರೆಯಲ್ಲಿಯೂ ಅಷ್ಟೇ ಇದೆ. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲಿಗೆ ಒಂದು ಮಾತು. ತಂಪು ಮತ್ತು ಸಿಹಿ ಅಲ್ಲಾಹನ ನಿಅಮತ್‌ಗಳು. ಪ್ರವಾದಿ(ಸ)ರಿಗೆ ಸಿಹಿಯಾದ, ತಂಪಾದ ಪಾನೀಯ ಬಹಳ ಪ್ರಿಯವಾಗಿತ್ತೆಂದು ಹಜರತ್ ಆಯಿಷಾ(ರ) ತಿಳಿಸಿದ್ದನ್ನು ಇಮಾಮ್ ತಿರ್ಮಿದಿ ದಾಖಲಿಸಿದ್ದಾರೆ. ಸಗಣಿ ಮತ್ತು ರಕ್ತದ ನಡುವಿನಿಂದ ಶುದ್ಧ ಹಾಲನ್ನು ಕುಡಿಸುವವನು ತಾನೇ ಎಂದು ಅಲ್ಲಾಹನು ಸೂರಃ ಅನ್ನಹ್ಲ್‌ನಲ್ಲಿ ನೆನಪಿಸುತ್ತಾನೆ. ಹಾಲು, ಸಕ್ಕರೆ, ಹಣ್ಣು, ಮಂಜು ಇವುಗಳಲ್ಲಿ ಯಾವುದರಲ್ಲಿಯೂ ದೋಷವಿಲ್ಲ. ಆದ್ದರಿಂದ ಐಸ್‌ಕ್ರೀಮ್ ಮೂಲತಃ ಹಲಾಲ್ ವಸ್ತು. ಸಂಶಯ ಎಲ್ಲಿಂದ ಒಳಹೊಕ್ಕಿತು ಎಂಬುದೇ ನಮ್ಮ ಪ್ರಶ್ನೆ.

ನಮ್ಮ ದೇಶದ ತಂಪು ತಿನಿಸುಗಳ ಹೆಸರುಗಳೇ ಅವುಗಳ ದಾರಿಯನ್ನು ಹೇಳುತ್ತವೆ. ಶರಬತ್ ಅರಬಿ ಮೂಲದ್ದು. ಫಾಲೂದಾ ಇರಾನಿನ ಕಡೆಯಿಂದ ಬಂದದ್ದು. ಕುಲ್ಫಿ ಎಂದರೆ ಫಾರ್ಸಿಯಲ್ಲಿ ಮುಚ್ಚಳವಿರುವ ಬಟ್ಟಲು. ಅಕ್ಬರ್ ಬಾದಶಹನ ಕಾಲದಲ್ಲಿ ಅಬುಲ್ ಫಝಲ್ ಬರೆದ ಆಯಿನೆ ಅಕ್ಬರಿಯಲ್ಲಿ ನೀರು ತಂಪು ಮಾಡುವ ಇಲಾಖೆಯ ವಿವರವೇ ಇದೆ. ನಮ್ಮವರು ಸೋರಾ ಎನ್ನುವ ಪೆಟ್ಲುಪ್ಪನ್ನು ನೀರಿಗೆ ಹಾಕಿ, ಅದರಲ್ಲಿ ಹೂಜಿ ತಿರುಗಿಸಿ ತಂಪು ಮಾಡುತ್ತಿದ್ದರು. 1586ರ ಸುಮಾರಿಗೆ ದರಬಾರು ಪಂಜಾಬಿನಲ್ಲಿ ನೆಲೆಸಿದಾಗ ಉತ್ತರದ ಬೆಟ್ಟಗಳಿಂದ ಹಿಮವನ್ನು ಲಾಹೋರಿಗೆ ತರಿಸುವ ಏರ್ಪಾಡು ನಡೆಯಿತು. ಅದು ಶ್ರೀಮಂತರ ಭೋಗ. ಬಡವನಿಗೆ ಮಣ್ಣಿನ ಮಡಕೆಯ ನೀರೇ ತಂಪು.

1833ರಲ್ಲಿ ಒಂದು ವಿಚಿತ್ರ ನಡೆಯಿತು. ಅಮೆರಿಕದ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮಂಜುಗಡ್ಡೆಯನ್ನು ಟಸ್ಕನಿ ಎಂಬ ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ಕಳಿಸಿದ. ಸುಮಾರು 180 ಟನ್ ಹೊರಟದ್ದು, ನಾಲ್ಕು ತಿಂಗಳ ಪಯಣದಲ್ಲಿ ಕರಗಿ 100 ಟನ್ನಿನಷ್ಟು ತಲುಪಿತು. ಆಮೇಲೆ ಮುಂಬಯಿ, ಮದರಾಸುಗಳಿಗೂ ಇಂಥ ಹಡಗುಗಳು ಬಂದವು. ಮದರಾಸಿನ ಕಡಲ ದಂಡೆಯಲ್ಲಿ ಮಂಜು ಕೂಡಿಡಲು ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ಅಲ್ಲಿ ತಂಗಿದ್ದರಿಂದ ಈಗ ಅದಕ್ಕೆ ಅವರ ಹೆಸರು. ಆ ಶತಮಾನದ ಕೊನೆಗೆ ಮಂಜು ಮಾಡುವ ಯಂತ್ರಗಳು ನಮ್ಮ ದೇಶದಲ್ಲೇ ಬಂದವು, ಹಡಗಿನ ವ್ಯಾಪಾರ ನಿಂತಿತು.

ಯಾದಗಿರಿ, ಶಹಾಪುರ, ಸುರಪುರ 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವು. ನಮ್ಮ ಹಿರಿಯರಿಗೆ ಪಟ್ಟಣವೆಂದರೆ ಹೈದರಾಬಾದ್. ಅಲ್ಲಿ 1935ರಲ್ಲಿ ಕಟ್ಟಿದ ಮೊಅಜ್ಜಮ್ ಜಾಹಿ ಮಾರ್ಕೆಟ್‌ನಲ್ಲಿ ಹಣ್ಣಿನ ಐಸ್‌ಕ್ರೀಮ್ ಅಂಗಡಿಗಳು ಇಂದಿಗೂ ಹೆಸರಾಗಿವೆ. ಕೈಯಿಂದ ಕಡೆದು ಮಾಡುವ ಸೀತಾಫಲ, ಮಾವಿನ ಐಸ್‌ಕ್ರೀಮ್ ಅಲ್ಲಿಯ ಖ್ಯಾತಿ. ಈ ಹಳೆಯ ಪದ್ಧತಿಯ ಒಂದು ಗುಣವನ್ನು ಗಮನಿಸಿ. ಹಾಲು ಕಾಸುವುದು, ಹಣ್ಣು ಬಿಡಿಸುವುದು, ಮಂಜು ಮತ್ತು ಉಪ್ಪಿನ ನಡುವೆ ಡಬ್ಬಿ ತಿರುಗಿಸುವುದು ಎಲ್ಲವೂ ಕಣ್ಣೆದುರಿಗೆ. ಏನಿದೆ ಎಂದು ಕೇಳಬೇಕಾಗಿರಲಿಲ್ಲ, ಕಾಣುತ್ತಿತ್ತು.

ಕಾರ್ಖಾನೆ ಬಂದ ಮೇಲೆ ಕಾಣುವುದು ನಿಂತಿತು. ಕಾರ್ಖಾನೆಯ ಐಸ್‌ಕ್ರೀಮ್ ನೂರಾರು ಮೈಲಿ ಹೋಗಬೇಕು, ವಾರಗಟ್ಟಲೆ ಫ್ರೀಜರಿನಲ್ಲಿರಬೇಕು. ಕರೆಂಟ್ ಹೋಗಿ ಬಂದರೆ ಕರಗಿದ ನೀರು ಮತ್ತೆ ಹೆಪ್ಪುಗಟ್ಟಿ ಹರಳಾಗಿ ನಾಲಗೆಗೆ ಮರಳಿನಂತೆ ಸಿಗುತ್ತದೆ. ಇದನ್ನು ತಡೆಯಲು ನೀರನ್ನು ಹಿಡಿದಿಡುವ ಅಂಟು ಪದಾರ್ಥ ಬೇಕು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ಕಾರ್ಖಾನೆಗಳು ಇದಕ್ಕಾಗಿ ಹೆಚ್ಚಾಗಿ ಬಳಸಿದ್ದು ಜೆಲಟಿನ್. ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳನ್ನು ಸಂಸ್ಕರಿಸಿ ತೆಗೆಯುವ ಅಂಟು. ಹಂದಿ ಮತ್ತು ದನ ಎರಡರಿಂದಲೂ ತಯಾರಾಗುತ್ತದೆ. ಸಂಶಯ ಒಳಹೊಕ್ಕ ಬಾಗಿಲು ಇದೇ.

ಉಲಮಾಗಳು ಇದರ ಮೇಲೆ ಗಂಭೀರವಾಗಿ ಚರ್ಚಿಸಿದ್ದಾರೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಹಂದಿಯಿಂದ ತೆಗೆದ ಜೆಲಟಿನ್ ಬಳಸುವುದು ಸಲ್ಲದು, ಸಸ್ಯದಿಂದ ಅಥವಾ ಶರೀಅತ್‌ನಂತೆ ಝಬಹ್ ಮಾಡಿದ ಪ್ರಾಣಿಯಿಂದ ಬಂದದ್ದು ಸಾಕು ಎಂದಿತು. 1995ರಲ್ಲಿ ಕುವೈತಿನಲ್ಲಿ ನಡೆದ ವೈದ್ಯಕೀಯ ಫಿಕ್ಹ್ ಗೋಷ್ಠಿಯಲ್ಲಿ ಬೇರೆ ಅಭಿಪ್ರಾಯ ಬಂತು. ವಸ್ತುವಿನ ಸ್ವರೂಪವೇ ಪೂರ್ತಿ ಬದಲಾದರೆ ಅದರ ಹುಕುಮ್ ಕೂಡ ಬದಲಾಗುತ್ತದೆ ಎಂಬ ಇಸ್ತಿಹಾಲಾ ನಿಯಮವನ್ನು ಅವರು ಜೆಲಟಿನ್‌ಗೂ ಅನ್ವಯಿಸಿದರು. ಸಂಶಯವಿರುವಲ್ಲಿ ಬಿಟ್ಟುಬಿಡುವುದೇ ನಮ್ಮ ದೀನಿಗೂ ಮಾನಕ್ಕೂ ಕ್ಷೇಮ. ಆದರೆ ಇನ್ನೊಂದು ಅಭಿಪ್ರಾಯವನ್ನು ಅನುಸರಿಸಿದ ಸಹೋದರನನ್ನು ಹರಾಮ್ ತಿನ್ನುವವನೆಂದು ಕರೆಯಲು ನಮಗೆ ಅಧಿಕಾರವಿಲ್ಲ.

ಈ ಚಿಂತೆ ನಮ್ಮದಷ್ಟೇ ಅಲ್ಲ. ಯಹೂದಿಗಳಿಗೂ ಆಹಾರದ ಕಟ್ಟುಪಾಡುಗಳಿವೆ, ಅದಕ್ಕೆ ಕೋಷರ್ ಎನ್ನುತ್ತಾರೆ. ಅವರು ಮಾಂಸ ಮತ್ತು ಹಾಲನ್ನು ಬೆರೆಸುವುದಿಲ್ಲ. ಮಾಂಸದೂಟದ ನಂತರ ಹಾಲಿನ ಐಸ್‌ಕ್ರೀಮ್ ತಿನ್ನಲು ಕೆಲವು ಗಂಟೆ ಕಾಯುತ್ತಾರೆ. ಬಿರಿಯಾನಿಯ ಬೆನ್ನಿಗೇ ಕುಲ್ಫಿ ತಿನ್ನುವ ನಮಗೆ ಅಲ್ಲಾಹನು ಎಷ್ಟು ಸುಲಭ ಮಾಡಿದ್ದಾನೆಂದು ಇದರಿಂದ ತಿಳಿಯಬೇಕು. ಅಮೆರಿಕದ ಯಹೂದಿಗಳು 1920ರ ದಶಕದಿಂದಲೇ ಕಾರ್ಖಾನೆಗಳ ಪರೀಕ್ಷೆ ನಡೆಸಿ ಪೊಟ್ಟಣದ ಮೇಲೆ ಗುರುತು ಹಾಕಿಸುವ ಏರ್ಪಾಡು ಮಾಡಿಕೊಂಡರು. ವಿದೇಶದಲ್ಲಿರುವ ನಮ್ಮ ಮಕ್ಕಳು ಆ ಗುರುತು ನೋಡಿ ತಿನ್ನುವುದುಂಟು. ಒಂದು ಎಚ್ಚರಿಕೆ ಇರಲಿ: ಕೋಷರ್‌ನಲ್ಲಿ ವೈನ್ ನಿಷಿದ್ಧವಲ್ಲ. ಆ ಗುರುತು ಪೂರ್ತಿ ಹಲಾಲ್‌ಗೆ ಸಮವಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡನಾಡಿನವರು ಐಸ್‌ಕ್ರೀಮ್ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದ್ದಾರೆ. 1975ರಲ್ಲಿ ಮಂಗಳೂರಿನಲ್ಲಿ ಐಡಿಯಲ್, 1982ರಲ್ಲಿ ಬೆಂಗಳೂರಿನಲ್ಲಿ ಕಾರ್ನರ್ ಹೌಸ್ ಆರಂಭವಾದವು. 1984ರಲ್ಲಿ ಮೂಲ್ಕಿಯ ಕಡೆಯಿಂದ ಹೋದ ರಘುನಂದನ ಕಾಮತರು ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ ಅಂಗಡಿ ತೆರೆದರು. 1993ರಲ್ಲಿ ಅಮೆರಿಕದ ಬಾಸ್ಕಿನ್ ರಾಬಿನ್ಸ್ ಭಾರತಕ್ಕೆ ಬಂತು. ಇವರೆಲ್ಲರ ಗಿರಾಕಿಗಳಲ್ಲಿ ದೊಡ್ಡ ಪಾಲು ಮಾಂಸ, ಮೊಟ್ಟೆ ಮುಟ್ಟದ ಜೈನರು, ಲಿಂಗಾಯತರು, ಬ್ರಾಹ್ಮಣರು, ವೈಶ್ಯರು. ಮೂಳೆಯ ಅಂಟು ಹಾಕಿದ ಐಸ್‌ಕ್ರೀಮನ್ನು ಅವರು ಮುಟ್ಟುವುದಿಲ್ಲ. ಈ ದೇಶದಲ್ಲಿ ಐಸ್‌ಕ್ರೀಮ್ ಮಾರುವವನಿಗೆ ಇದು ತಿಳಿದೇ ಇರುತ್ತದೆ.

ಜೆಲಟಿನ್‌ನ ಜಾಗಕ್ಕೆ ಸಸ್ಯದ ಅಂಟುಗಳು ಇವೆ. ಅವುಗಳಲ್ಲಿ ಮುಖ್ಯವಾದದ್ದು ಗುವಾರ್ ಗಮ್. ಅದು ನಮ್ಮ ಹೊಲದ ಚವಳಿಕಾಯಿಯ ಬೀಜದಿಂದ ಬರುತ್ತದೆ. ದಕ್ಷಿಣದವರು ಇದನ್ನೇ ಗೋರಿಕಾಯಿ ಎನ್ನುತ್ತಾರೆ. ಕ್ಯಾರಗೀನನ್ ಕಡಲ ಪಾಚಿಯಿಂದ ಬರುತ್ತದೆ. ರಮಝಾನ್ ಇಫ್ತಾರಿಗೆ ನಮ್ಮ ತಾಯಂದಿರು ಮಾಡುವ ಚೈನಾ ಗ್ರಾಸ್ ಕೂಡ ಕಡಲ ಪಾಚಿಯದೇ.

2001ರಲ್ಲಿ ಸರ್ಕಾರ ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರ, ಮಾಂಸಾಹಾರದ ಗುರುತು ಕಡ್ಡಾಯ ಮಾಡಿತು. ಹಾಲು, ಹಾಲಿನ ಪದಾರ್ಥ, ಜೇನು ಬಿಟ್ಟು ಪ್ರಾಣಿಮೂಲದ ಯಾವುದೇ ಅಂಶವಿದ್ದರೂ ಕಂದು ಗುರುತು ಹಾಕಬೇಕು. ಜೆಲಟಿನ್, ಮೊಟ್ಟೆ, ಕೀಟದಿಂದ ತೆಗೆದ ಕೆಂಪು ಬಣ್ಣ ಎಲ್ಲವೂ ಇದರಲ್ಲಿ ಬಂದವು. ನಾವು ಚಳವಳಿ ಮಾಡಿ ಪಡೆದ ಕಾನೂನಲ್ಲ ಇದು. ನೆರೆಯವರ ಸಸ್ಯಾಹಾರದ ನಿಷ್ಠೆಗಾಗಿ ಬಂದ ಹಸಿರು ಚುಕ್ಕೆ ನಮ್ಮ ಮಕ್ಕಳ ಬಟ್ಟಲನ್ನೂ ಹಂದಿಯ ಅಂಶದಿಂದ ಕಾಯಿತು. ಇದು ಮರೆಯಬಾರದ ಉಪಕಾರ. ಮನುಷ್ಯರಿಗೆ ಕೃತಜ್ಞನಲ್ಲದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ.

ಹಸಿರು ಚುಕ್ಕೆ ಹೇಳದ ಒಂದು ಸಂಗತಿ ಇದೆ. ಅದು ಮದ್ಯ. ಮದ್ಯ ಪ್ರಾಣಿಮೂಲದ್ದಲ್ಲವಾದ್ದರಿಂದ ಆ ಗುರುತು ಅದನ್ನು ತಡೆಯುವುದಿಲ್ಲ. ರಮ್ ಮತ್ತು ದ್ರಾಕ್ಷಿಯಂಥ ಹೆಸರಿನ ಐಸ್‌ಕ್ರೀಮ್ ಕಂಡರೆ ಬಿಟ್ಟು ಮುಂದೆ ಹೋಗಿರಿ, ಉಳಿದ ಬಗೆಗಳು ಬೇಕಾದಷ್ಟಿವೆ. ಎರಡನೆಯದಾಗಿ, ಅಂಗಡಿಯಲ್ಲಿ ಬಿಡಿಯಾಗಿ ಹಾಕಿಕೊಡುವಾಗ ಗುರುತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೂಲ ಡಬ್ಬಿ ತೋರಿಸಿ ಎಂದು ಸೌಜನ್ಯದಿಂದ ಕೇಳಿರಿ. ಮೇಲೆ ಉದುರಿಸುವ ಜೆಲ್ಲಿ, ಮೆತ್ತನೆಯ ಮಾರ್ಷ್‌ಮ್ಯಾಲೋ, ಕೇಕಿನ ತುಂಡುಗಳ ಬಗ್ಗೆಯೂ ವಿಚಾರಿಸಿರಿ. ಒಂದೇ ಸೌಟು ಎಲ್ಲ ಡಬ್ಬಿಗಳಲ್ಲಿ ಓಡಾಡುತ್ತಿದ್ದರೆ ತೊಳೆದ ಸೌಟಿನಿಂದ ಕೊಡಲು ಹೇಳಿರಿ. ವಿದೇಶದಲ್ಲಿ ಈ ಹಸಿರು ಚುಕ್ಕೆಯ ಕಾನೂನು ಇಲ್ಲ, ಅಲ್ಲಿ ಪಟ್ಟಿಯನ್ನು ಓದಿಯೇ ತಿನ್ನಬೇಕು.

ಎಚ್ಚರಿಕೆಯಂತೆಯೇ ಅತಿರೇಕವೂ ಇದೆ. ಸಂಖ್ಯೆಗಳಿರುವ ಪದಾರ್ಥವೆಲ್ಲ ಹಂದಿಯ ಕೊಬ್ಬು ಎಂಬ ಸಂದೇಶ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಸುಳ್ಳು. 412 ಎಂದರೆ ನಮ್ಮ ಚವಳಿ ಬೀಜದ ಅಂಟು. 407, 406 ಕಡಲ ಪಾಚಿ. 471 ಮಾತ್ರ ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಅದರ ಜೊತೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಯ ಕೊಬ್ಬಿಗೆ ಅವಕಾಶವಿಲ್ಲ. ತಿಳಿಯದೆ ಇದು ಹಲಾಲ್, ಇದು ಹರಾಮ್ ಎಂದು ನಾಲಗೆ ಹರಿಯಬಿಡುವುದನ್ನು ಅದೇ ಸೂರಃ ಅನ್ನಹ್ಲ್ ತಡೆಯುತ್ತದೆ. ಹರಾಮನ್ನು ಹಲಾಲ್ ಎನ್ನುವುದು ಎಷ್ಟು ತಪ್ಪೋ ಹಲಾಲನ್ನು ಹರಾಮ್ ಎನ್ನುವುದೂ ಅಷ್ಟೇ ತಪ್ಪು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ತಂದ ಮಾಂಸದ ಬಗ್ಗೆ ಜನ ಅನುಮಾನದಿಂದ ಕೇಳಿದಾಗ, ನೀವು ಅಲ್ಲಾಹನ ಹೆಸರು ಹೇಳಿ ತಿನ್ನಿರಿ ಎಂಬ ಅರ್ಥದ ಉತ್ತರ ಪ್ರವಾದಿ(ಸ)ರಿಂದ ಬಂದದ್ದು ಬುಖಾರಿಯಲ್ಲಿದೆ. ವಿಚಾರಿಸುವುದಕ್ಕೂ ಒಂದು ಮಿತಿ ಉಂಟು.

2022ರ ಯುಗಾದಿ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ಹಲಾಲ್ ಎಂಬ ಪದವೇ ಜಗಳದ ಮಾತಾಯಿತು. ಅನೇಕರ ಮನಸ್ಸು ನೊಂದಿತು. ಆ ನೋವಿಗೆ ನಮ್ಮ ಉತ್ತರ ಸಿಟ್ಟಾಗಬಾರದು. ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಹಕ್ಕು ಲಿಂಗಾಯತ ನೆರೆಯವನಿಗೂ ಇದೆ, ಜೈನನಿಗೂ ಇದೆ, ನಮಗೂ ಇದೆ. ಅವರು ಕೇಳಿದ್ದರಿಂದಲೇ ನಮಗೂ ಉಪಕಾರವಾಯಿತು ಎಂದು ಶಾಂತವಾಗಿ ಹೇಳಿರಿ. ಈದ್ ದಿನ ಶೀರ್ ಖುರ್ಮಾ ಕುಡಿಯಲು ಸಸ್ಯಾಹಾರಿ ನೆರೆಯವರು ಬಂದಾಗ ಮಾಂಸ ಬೇಯಿಸದ ಬೇರೆ ಪಾತ್ರೆಯಲ್ಲಿ ಮಾಡಿರಿ, ಅದನ್ನು ಅವರಿಗೆ ಮೊದಲೇ ತಿಳಿಸಿರಿ. ನಾವು ಬಯಸುವ ನಂಬಿಕೆಯನ್ನು ಮೊದಲು ನಾವೇ ಕೊಡಬೇಕು.

ಅಲ್ಲಾಹನು ನಮ್ಮ ಮಕ್ಕಳಿಗೆ ಪಾಕ್ ಆದ ಆಹಾರವನ್ನು, ಅದನ್ನು ಗುರುತಿಸುವ ತಿಳಿವಳಿಕೆಯನ್ನು, ನೆರೆಯವರ ಜೊತೆ ನಿಶ್ಚಿಂತೆಯಾಗಿ ಕೂತು ತಿನ್ನುವ ದಿನಗಳನ್ನು ದಯಪಾಲಿಸಲಿ. ಆಮೀನ್.