ಬೆಳ್ಳಿಯ ನಾಣ್ಯ ಮತ್ತು ಧರ್ಮದ ಒರೆಗಲ್ಲು

ಕನ್ನಡ ನಾಡು ಬಹುಕಾಲ ಹೊನ್ನಿನ ನಾಣ್ಯಗಳ ನಾಡಾಗಿತ್ತು. ನಮ್ಮ ಅಮೀನಗಡಕ್ಕೆ ಸಮೀಪದ ಲಿಂಗಸುಗೂರು ಸೀಮೆಯ ಹಟ್ಟಿಯಲ್ಲಿ ಪ್ರಾಚೀನರೇ ಚಿನ್ನದ ಗಣಿಗಳನ್ನು ಅಗೆದಿದ್ದರು. ಬೆಳ್ಳಿಯಾದರೋ ಬಹುಮಟ್ಟಿಗೆ ಹೊರನಾಡುಗಳಿಂದ ವ್ಯಾಪಾರದ ಮೂಲಕವೇ ಬರಬೇಕಾಗಿತ್ತು. ಆದುದರಿಂದ ಅದು ಕಿರುನಾಣ್ಯಕ್ಕಷ್ಟೇ ಸಾಲುತ್ತಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ವರಾಹ, ಪ್ರತಾಪ, ಹಣಗಳೆಂಬ ಚಿನ್ನದ ನಾಣ್ಯಗಳನ್ನು ಹೇಳಿ, ಹಣದ ಆರನೆಯ ಒಂದು ಪಾಲಿನ ಬೆಲೆಯ 'ತಾರ'ವೆಂಬ ಬೆಳ್ಳಿಯ ನಾಣ್ಯವನ್ನೂ ಸೇರಿಸಿದ್ದಾನೆ.

ಜರ್ಮನ್ ನಾಡುಗಳ ಸ್ಥಿತಿ ಇದಕ್ಕೆ ವಿಪರೀತ. ಸ್ಯಾಕ್ಸನಿ ಮತ್ತು ಬೊಹೀಮಿಯಗಳ ಬೆಟ್ಟಗಳು ಬೆಳ್ಳಿಯ ಆಕರಗಳು. ಯೋಆಕಿಮ್ಸ್‌ತಾಲ್ ಎಂಬ ಕಣಿವೆಯಲ್ಲಿ 1520ರ ಸುಮಾರಿಗೆ ಟಂಕಿಸಿದ ದೊಡ್ಡ ನಾಣ್ಯಕ್ಕೆ 'ತಾಲರ್' ಎಂಬ ಹೆಸರಾಯಿತು. ಇಂದಿನ 'ಡಾಲರ್' ಎಂಬ ಮಾತು ಅದರ ಸಂತಾನ. ಅದೇ ಕಾಲದಲ್ಲಿ, 1517ರಲ್ಲಿ, ಹಣ ಕೊಟ್ಟವರ ಪಾಪಕ್ಕೆ ವಿನಾಯಿತಿ ಪತ್ರ ಮಾರುವ ಕ್ರಮವನ್ನು ವಿಟ್ಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರನು ಪ್ರಶ್ನಿಸಿದನು. ಅವನಿಗೆ ಆಶ್ರಯವಿತ್ತ ಸ್ಯಾಕ್ಸನಿಯ ಫ್ರೆಡರಿಕನ ಬೊಕ್ಕಸಕ್ಕೂ ಬೆಳ್ಳಿಯ ಗಣಿಗಳೇ ಆಸರೆಯಾಗಿದ್ದವೆಂಬುದು ಗಮನಾರ್ಹ.

1565ರ ರಕ್ಕಸ-ತಂಗಡಿ ಕಾಳಗದ ನಂತರ ಕೃಷ್ಣೆಯ ಈ ಸೀಮೆಯಲ್ಲಿ ವಿಜಾಪುರದ ಆದಿಲಶಾಹಿಗಳ ಪ್ರಾಬಲ್ಯ ಬೆಳೆಯಿತು. ಎರಡನೆಯ ಅಲಿ ಆದಿಲಶಾಹನು (1656–1672) 'ಲಾರಿ'ಯೆಂಬ ಬೆಳ್ಳಿಯ ನಾಣ್ಯವನ್ನು ಟಂಕಿಸಿದನು. ಬೆಳ್ಳಿಯ ತಂತಿಯನ್ನು ನಡುವೆ ಮಡಿಚಿ, ಚಪ್ಪಟೆಯಾಗಿ ಬಡಿದು ಮುದ್ರೆಯೊತ್ತಿದ ಈ ನಾಣ್ಯ ಪರ್ಷಿಯಾದ ಲಾರ್ ಪಟ್ಟಣದಿಂದ ಹೆಸರು ಪಡೆದುದು. ಕಡಲ ವ್ಯಾಪಾರಿಗಳಿಗೆ ಚಿರಪರಿಚಿತವಾದುದು.

ಇಲ್ಲಿ ನಾವು ವಿಚಾರಿಸಬೇಕಾದುದೊಂದಿದೆ. ನಾಣ್ಯದ ಶುದ್ಧಿಯನ್ನು ಅಕ್ಕಸಾಲಿಗನು ಒರೆಗಲ್ಲಿನಲ್ಲಿ ಕಾಣುವನು. ಧರ್ಮಸಂಸ್ಥೆಯ ಶುದ್ಧಿಯನ್ನು ಜನರು ಕಾಣುವುದು ಅದು ನಾಣ್ಯವನ್ನು ಬಳಸುವ ರೀತಿಯಲ್ಲಿ. ಲೂಥರನಿಗಿಂತ ಸುಮಾರು ಮುನ್ನೂರೈವತ್ತು ವರ್ಷ ಮೊದಲೇ ಅಣ್ಣ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣ ಜಂಗಮರಿಗೆ ಹೋಗುತ್ತಿದೆಯೆಂದು ಚಾಡಿ ಹುಟ್ಟಿದಾಗ ಲೆಕ್ಕ ಒಪ್ಪವಾಗಿತ್ತೆಂದು ಪುರಾಣಗಳು ಹೇಳುತ್ತವೆ. ಆಯ್ದಕ್ಕಿ ಲಕ್ಕಮ್ಮನೋ, ಪತಿ ಮಾರಯ್ಯನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದಳು.

ಆದುದರಿಂದ, ಭಕ್ತರೇ, ಮಠಕ್ಕೆ ಕಾಣಿಕೆ ಕೊಡುವಾಗ ಅದು ಪುಣ್ಯದ ಬೆಲೆಯೆಂದು ಭಾವಿಸಬೇಡಿರಿ. ಅದು ಕಾಯಕದ ಫಲ, ದಾಸೋಹಕ್ಕೆ ಸಲ್ಲಬೇಕಾದುದು. ಅದು ಎಲ್ಲಿ ಸಂದಿತೆಂದು ಕೇಳುವ ಹಕ್ಕು ನಿಮ್ಮದು. ಲೆಕ್ಕ ಒಪ್ಪಿಸುವ ಹೊಣೆ ಪೀಠದಲ್ಲಿ ಕುಳಿತ ನಮ್ಮದು. ಹೊನ್ನಾಗಲಿ ಬೆಳ್ಳಿಯಾಗಲಿ, ಈ ಒರೆಗೆ ನಿಂತಾಗಲೇ ಅದು ಶಿವಾರ್ಪಣ.