ಉನ್ಮಾದವಿಚಾರ: ಚರಕನ ನಿದಾನವೂ ವಿಜ್ಞಾನೇಶ್ವರನ ನಿರ್ಣಯವೂ

೧

ಆಧುನಿಕ ವೈದ್ಯರು ಸ್ಕಿಜೋಫ್ರೀನಿಯಾ ಎಂದು ಕರೆಯುವ ವ್ಯಾಧಿಗೆ ಆ ಹೆಸರು ಬಂದುದು ೧೯೦೮ನೆಯ ಇಸವಿಯಲ್ಲಿ. ಸ್ವಿಟ್ಜರ್ಲೆಂಡಿನ ವೈದ್ಯನಾದ ಬ್ಲಾಯ್ಲರನು ಚಿತ್ತವೃತ್ತಿಗಳು ತಮ್ಮತಮ್ಮೊಳಗೆ ಬಿರಿದುಹೋಗುವುದೆಂಬ ಅರ್ಥದಲ್ಲಿ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಇದನ್ನು ರಚಿಸಿದನು. ಅದಕ್ಕೆ ಮುಂಚೆ ಜರ್ಮನಿಯ ಕ್ರೆಪೆಲಿನನು ಇದನ್ನು ಅಕಾಲದಲ್ಲಿ ಬರುವ ಬುದ್ಧಿಕ್ಷಯವೆಂದು ಹೆಸರಿಸಿದ್ದನು. ಆ ಹೆಸರಿನಲ್ಲಿಯೇ ರೋಗಿಯ ಮುಂದಿನ ಗತಿಯೂ ನಿರ್ಣೀತವಾದಂತೆ ತೋರುತ್ತಿತ್ತು. ರೋಗಿಗಳೆಲ್ಲರಿಗೂ ಕ್ಷಯವೇ ಗತಿಯಲ್ಲವೆಂಬುದು ಬ್ಲಾಯ್ಲರನ ಆಕ್ಷೇಪಗಳಲ್ಲೊಂದು.

ಚಿತ್ತವಿಭ್ರಮಕ್ಕೆ ಕಾರಣವೇನು, ಅದಕ್ಕೆ ತುತ್ತಾದವನು ಮರಳಿ ಸ್ವಸ್ಥನಾಗಬಲ್ಲನೇ, ಅಲ್ಲಿಯವರೆಗೆ ಮನೆಯಲ್ಲಿ ಅವನ ಸ್ಥಾನವೇನು ಎಂಬ ಮೂರು ಪ್ರಶ್ನೆಗಳು ಭರತಖಂಡದ ಶಾಸ್ತ್ರಕಾರರಿಗೂ ಎದುರಾಗಿದ್ದವು. ಮೊದಲನೆಯೆರಡಕ್ಕೆ ಆಯುರ್ವೇದವೂ ಮೂರನೆಯದಕ್ಕೆ ಧರ್ಮಶಾಸ್ತ್ರವೂ ಉತ್ತರವನ್ನು ಹೇಳಿವೆ. ಇವೆರಡೂ ಸಂಧಿಸುವ ಒಂದು ಸ್ಥಳವು ಕರ್ಣಾಟಕದ ಕಲ್ಯಾಣನಗರದಲ್ಲಿ ರಚಿತವಾದ ಗ್ರಂಥದಲ್ಲಿದೆ. ಆದರೆ ಉನ್ಮಾದವೆಂಬ ಪ್ರಾಚೀನ ಸಂಜ್ಞೆಯು ಬ್ಲಾಯ್ಲರನ ಸಂಜ್ಞೆಗಿಂತ ವ್ಯಾಪಕವಾದುದು. ಇಂದು ಬೇರೆಬೇರೆ ಎಂದು ಎಣಿಸಲ್ಪಡುವ ಹಲವು ಚಿತ್ತರೋಗಗಳು ಅದರಲ್ಲಿ ಅಡಗಿರುವುದರಿಂದ, ಇವೆರಡನ್ನೂ ಪರ್ಯಾಯಪದಗಳೆಂದು ಗ್ರಹಿಸುವುದು ಯುಕ್ತವಲ್ಲ.

೨

ಅಥರ್ವವೇದದ ಆರನೆಯ ಕಾಂಡದ ೧೧೧ನೆಯ ಸೂಕ್ತವು ಉನ್ಮಾದವಿಮೋಚನೆಗಾಗಿ ಹೇಳಲ್ಪಟ್ಟುದು. ದೇವತೆಗಳ ವಿಷಯದಲ್ಲಿ ಮಾಡಿದ ಪಾಪದಿಂದ ಹುಚ್ಚಾದವನು, ರಾಕ್ಷಸರಿಂದ ಹುಚ್ಚಾದವನು ಎಂಬ ಭೇದವು ಅಲ್ಲಿಯೇ ಕಾಣುತ್ತದೆ. ಎರಡಕ್ಕೂ ಮೂಲವು ಮನುಷ್ಯನ ಹೊರಗಿದೆ.

ಚರಕಸಂಹಿತೆಯ ನಿದಾನಸ್ಥಾನದ ಏಳನೆಯ ಅಧ್ಯಾಯಕ್ಕೆ ಬಂದರೆ ವಿಚಾರದ ದಿಕ್ಕೇ ಬೇರೆಯಾಗುತ್ತದೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದವೆಂದು ಅಲ್ಲಿ ಲಕ್ಷಣ ಹೇಳಿದೆ. ಇಲ್ಲಿ ಭಕ್ತಿಯೆಂದರೆ ಇಚ್ಛೆ, ಒಲವು. ಹಿಂದೆ ಪ್ರಿಯವಾಗಿದ್ದುದು ಅಪ್ರಿಯವಾಗುವುದೂ, ಕುಲಾಚಾರವು ತಪ್ಪುವುದೂ, ಮಾತು ತಪ್ಪುವುದರಷ್ಟೇ ಮುಖ್ಯವಾದ ಚಿಹ್ನೆಗಳೆಂದು ಚರಕನ ಅಭಿಪ್ರಾಯ. ಅಂಜುಬುರುಕನೂ ಸತ್ತ್ವಹೀನನೂ ಆದವನು ಅಹಿತಾಹಾರದಿಂದಲೋ ಕಾಮಕ್ರೋಧಶೋಕಾದಿಗಳ ಆಘಾತದಿಂದಲೋ ನೊಂದಾಗ, ಕುಪಿತವಾದ ದೋಷಗಳು ಹೃದಯವನ್ನು ಸೇರಿ ಮನೋವಹಸ್ರೋತಸ್ಸುಗಳನ್ನು ಮುಚ್ಚುತ್ತವೆ. ಹೀಗೆ ದೇಹದ ಕಾರಣವನ್ನೂ ಮನಸ್ಸಿನ ಕಾರಣವನ್ನೂ ಒಂದೇ ಸರಣಿಯಲ್ಲಿ ಪೋಣಿಸಿರುವುದು ಈ ನಿದಾನದ ವಿಶೇಷ.

ವಾತಜ, ಪಿತ್ತಜ, ಕಫಜ, ಸನ್ನಿಪಾತಜ, ಆಗಂತು ಎಂದು ಉನ್ಮಾದವು ಐದು ವಿಧ. ಅಕಾಲದಲ್ಲಿ ನಗುವುದು, ಹಾಡುವುದು, ಸಂಬಂಧವಿಲ್ಲದ ಮಾತುಗಳನ್ನಾಡುವುದು ವಾತಜದಲ್ಲಿ, ಕೋಪಾವೇಶವು ಪಿತ್ತಜದಲ್ಲಿ, ಒಂದೇ ಕಡೆಯಲ್ಲಿ ಮೌನವಾಗಿ ಕುಳಿತಿರುವುದು, ಏಕಾಂತದಲ್ಲಿ ಒಲವು ಇವು ಕಫಜದಲ್ಲಿ. ಸನ್ನಿಪಾತಜವು ಅಸಾಧ್ಯ. ಆಗಂತುವೆಂಬುದು ದೇವಗಂಧರ್ವಾದಿಗಳ ಆವೇಶದಿಂದ ಬರುವುದು.

ಆಗಂತುವನ್ನು ಅಂಗೀಕರಿಸಿದರೂ ಚರಕನು ಅಲ್ಲಿಗೇ ನಿಲ್ಲುವುದಿಲ್ಲ. ತನ್ನ ಕರ್ಮದಿಂದ ತಾನೇ ಕ್ಲೇಶಪಡದವನನ್ನು ದೇವತೆಗಳಾಗಲಿ ಪಿಶಾಚರಾಕ್ಷಸರಾಗಲಿ ಪೀಡಿಸಲಾರರೆಂದೂ, ಪ್ರಜ್ಞಾಪರಾಧದಿಂದ ಹುಟ್ಟಿದ ರೋಗಕ್ಕಾಗಿ ಅವರನ್ನು ದೂಷಿಸಬಾರದೆಂದೂ ಆ ಅಧ್ಯಾಯದ ಕೊನೆಯಲ್ಲಿ ಹೇಳಿದೆ. ಈ ಮಾತಿಗೆ ಎರಡು ಮುಖಗಳಿವೆ. ಭೂತಭಯವು ಇದರಿಂದ ಕುಗ್ಗುತ್ತದೆ. ಆದರೆ ದೋಷದ ಭಾರವು ರೋಗಿಯ ತಲೆಯ ಮೇಲೆ ಬೀಳುತ್ತದೆ.

೩

ಸುಶ್ರುತಸಂಹಿತೆಯ ಉತ್ತರತಂತ್ರವು ಇನ್ನೊಂದು ಕ್ರಮವನ್ನು ಅನುಸರಿಸಿದೆ. ಅಮಾನುಷೋಪಸರ್ಗವನ್ನು ೬೦ನೆಯ ಅಧ್ಯಾಯದಲ್ಲಿ ಪ್ರತ್ಯೇಕಿಸಿ, ೬೨ನೆಯದರಲ್ಲಿ ಉನ್ಮಾದವನ್ನು ಆರು ವಿಧವಾಗಿ ಹೇಳಿದೆ: ದೋಷಜಗಳು ಮೂರು, ಸನ್ನಿಪಾತಜವೊಂದು, ಮನೋದುಃಖದಿಂದ ಒಂದು, ವಿಷದಿಂದ ಒಂದು. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಈ ಆರನ್ನೇ ಅಂಗೀಕರಿಸಿ, ಭೂತವಿಷಯಕ್ಕೆ ಬೇರೆ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಧನನಾಶ, ಇಷ್ಟಜನವಿಯೋಗಗಳಿಂದಲೇ ಮನುಷ್ಯನು ಹುಚ್ಚಾಗಬಹುದೆಂಬುದು ಇಲ್ಲಿ ಸ್ವತಂತ್ರವಾದ ಭೇದವಾಗಿ ನಿಂತಿತು. ಚರಕನಲ್ಲಿ ಶೋಕವು ಹೇತುಗಳಲ್ಲೊಂದಾಗಿತ್ತೇ ಹೊರತು ಬೇರೆ ಜಾತಿಯಾಗಿರಲಿಲ್ಲ.

ಚಿಕಿತ್ಸೆಯನ್ನು ಚರಕನ ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಕಾಣಬಹುದು. ಶೋಧನಗಳು, ಕಲ್ಯಾಣಕಾದಿ ಘೃತಗಳು, ಬಹುಕಾಲ ಇಟ್ಟ ಹಳೆಯ ತುಪ್ಪ ಇವು ಯುಕ್ತಿವ್ಯಪಾಶ್ರಯ. ಬಲಿಹೋಮಾದಿಗಳು ದೈವವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ನಿಗ್ರಹಿಸುವುದು ಸತ್ತ್ವಾವಜಯ. ಪ್ರಿಯವಸ್ತುವಿನ ನಾಶದಿಂದ ಕೆಟ್ಟ ಮನಸ್ಸಿಗೆ ಅಂತಹುದೇ ವಸ್ತುವನ್ನು ದೊರಕಿಸಬೇಕು, ಸ್ನೇಹಿತರು ಸಮಾಧಾನದ ಮಾತುಗಳನ್ನಾಡಬೇಕು ಎಂಬ ವಿಧಿಗಳು ಇಲ್ಲಿವೆ. ಇದೇ ಅಧ್ಯಾಯದಲ್ಲಿ ಕಟ್ಟಿಹಾಕುವುದು, ಕತ್ತಲೆಮನೆಯಲ್ಲಿಡುವುದು, ಹಲ್ಲು ಕಿತ್ತ ಹಾವನ್ನು ತೋರಿಸಿ ಹೆದರಿಸುವುದು, ರಾಜಭಟರಿಂದ ವಧೆಯ ಬೆದರಿಕೆ ಹಾಕಿಸುವುದು ಎಂಬ ಕ್ರೂರೋಪಾಯಗಳೂ ಇವೆ. ದೇಹದ ನೋವಿಗಿಂತ ಪ್ರಾಣಭಯವು ಹೆಚ್ಚಾದುದರಿಂದ ಚದರಿದ ಮನಸ್ಸು ಅದರಿಂದ ನೆಲೆಗೆ ಬರುವುದೆಂಬುದು ಅದಕ್ಕೆ ಕೊಟ್ಟ ಕಾರಣ. ಪ್ರಾಚೀನ ವೈದ್ಯವನ್ನು ಹೊಗಳುವವರು ಮೊದಲನೆಯ ವಿಧಿಗಳನ್ನೂ ಹಳಿಯುವವರು ಎರಡನೆಯವನ್ನೂ ಮಾತ್ರ ಉದಾಹರಿಸುವುದುಂಟು. ಇತಿಹಾಸದೃಷ್ಟಿಗೆ ಎರಡೂ ಗ್ರಾಹ್ಯ.

೪

ಇನ್ನು ವ್ಯವಹಾರದ ವಿಷಯ. ಉನ್ಮತ್ತನಿಗೆ ದಾಯಭಾಗವಿಲ್ಲವೆಂದು ಮನುವೂ ಯಾಜ್ಞವಲ್ಕ್ಯನೂ ವಿಧಿಸಿದ್ದಾರೆ. ಅನ್ನವಸ್ತ್ರಗಳನ್ನು ಕೊಡದಿದ್ದವನು ಪತಿತನಾಗುವನೆಂದು ಮನುವು ಕೂಡಲೇ ಸೇರಿಸಿದ್ದಾನೆ. ಉನ್ಮತ್ತನ ಮಕ್ಕಳು ನಿರ್ದೋಷಿಗಳಾದರೆ ಅವರಿಗೆ ಭಾಗವುಂಟೆಂಬುದು ಯಾಜ್ಞವಲ್ಕ್ಯನ ಮತ. ಆದರೆ ಯಾರು ಉನ್ಮತ್ತನು? ಮಾತು ತಪ್ಪಿದ ತಮ್ಮನನ್ನು ಹುಚ್ಚನೆಂದು ಹೇಳಿ ಅವನ ಪಾಲನ್ನು ಅಣ್ಣಂದಿರು ನುಂಗಿದರೆ ತಡೆಯುವುದೆಂತು? ಮೂಲಸ್ಮೃತಿಗಳಲ್ಲಿ ಇದಕ್ಕೆ ವಿವರಣೆಯಿಲ್ಲ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬-೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಕೊರತೆಯನ್ನು ತುಂಬಿದನು. ವಾತ, ಪಿತ್ತ, ಶ್ಲೇಷ್ಮ, ಸನ್ನಿಪಾತ, ಗ್ರಹಾವೇಶ ಇವುಗಳಿಂದಾದ ಉನ್ಮಾದಗಳಿಂದ ಅಭಿಭೂತನಾದವನೇ ಉನ್ಮತ್ತನೆಂದು ಅವನ ವ್ಯಾಖ್ಯಾನ. ಇಲ್ಲಿಯ ಗ್ರಹಶಬ್ದಕ್ಕೆ ಆಕಾಶದ ಗ್ರಹಗಳೆಂದಲ್ಲ, ಹಿಡಿದುಕೊಳ್ಳುವ ಭೂತಾದಿಗಳೆಂದು ವೈದ್ಯಶಾಸ್ತ್ರದ ಅರ್ಥವನ್ನೇ ಇಟ್ಟುಕೊಳ್ಳಬೇಕು. ಈ ಐದು ಭೇದಗಳು ಚರಕನ ಐದಕ್ಕೆ ಸರಿಹೊಂದುತ್ತವೆ. ಸುಶ್ರುತವಾಗ್ಭಟರ ದುಃಖಜವೂ ವಿಷಜವೂ ಪಟ್ಟಿಯಲ್ಲಿಲ್ಲ. ಆದುದರಿಂದ ಕಲ್ಯಾಣದ ವ್ಯವಹಾರಶಾಸ್ತ್ರಜ್ಞನು ಈ ಸ್ಥಳದಲ್ಲಿ ಚರಕಪರಂಪರೆಯ ವಿಭಾಗವನ್ನು ಅನುಸರಿಸಿದನೆಂದು ಊಹಿಸಲು ಅವಕಾಶವಿದೆ.

ಅದಕ್ಕಿಂತಲೂ ಮುಖ್ಯವಾದುದು ಮುಂದಿನ ನಿರ್ಣಯ. ವಿಭಾಗಕ್ಕೆ ಮುಂಚೆ ದೋಷವಿದ್ದರೆ ಮಾತ್ರ ಭಾಗವಿಲ್ಲ. ವಿಭಾಗವಾದ ಮೇಲೆ ದೋಷವು ಬಂದರೆ ಪಡೆದ ಭಾಗವು ಹೋಗುವುದಿಲ್ಲ. ವಿಭಾಗಾನಂತರ ಔಷಧಾದಿಗಳಿಂದ ದೋಷವು ನೀಗಿದರೆ ಭಾಗವು ದೊರೆಯಲೇಬೇಕು. ಉನ್ಮಾದವು ಒಂದು ಅವಸ್ಥೆ, ಅದು ಬರುವಂತೆ ಹೋಗಲೂಬಹುದು ಎಂಬ ವೈದ್ಯನ ತಿಳಿವಳಿಕೆಯಿಲ್ಲದೆ ಈ ಮೂರನೆಯ ನಿಯಮವು ಹುಟ್ಟಲಾರದು. ಗುಣಹೊಂದಿದವನಿಗೆ ಮನೆಯ ಬಾಗಿಲು ತೆರೆದೇ ಇರುವಂತೆ ವಿಜ್ಞಾನೇಶ್ವರನು ಮಾಡಿದನು.

೫

೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನು ಇಂಗ್ಲಿಷಿಗೆ ಭಾಷಾಂತರಿಸಿ ಪ್ರಕಟಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನು ಆಧಾರವಾಗಿ ಹಿಡಿದವು. ೧೯೨೮ರ ಶಾಸನವು, ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಬಿಟ್ಟು, ಮಿತಾಕ್ಷರೆಗೆ ಒಳಪಟ್ಟ ಉಳಿದವರ ಅನರ್ಹತೆಯನ್ನು ತೆಗೆಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೨೮ನೆಯ ಪ್ರಕರಣವು, ಯಾವ ರೋಗವಾಗಲಿ ವೈಕಲ್ಯವಾಗಲಿ ದಾಯಕ್ಕೆ ಬಾಧಕವಲ್ಲವೆಂದು ಸಾರಿತು.

ಉನ್ಮಾದಕ್ಕೆ ಕಾರಣವು ದೇವತೆಯೋ ದೋಷವೋ ದುಃಖವೋ ಎಂಬ ವಿಷಯದಲ್ಲಿ ಪೂರ್ವಾಚಾರ್ಯರಲ್ಲಿ ಐಕಮತ್ಯವಿರಲಿಲ್ಲ. ಚರಕನ ಘೃತಗಳು ಇಂದಿನ ರೋಗಿಗೆ ಹಿತವೋ ಅಲ್ಲವೋ ಎಂಬುದು ಪರೀಕ್ಷೆಯಿಂದ ನಿರ್ಣಯವಾಗತಕ್ಕದ್ದು. ಗ್ರಂಥಪ್ರಾಮಾಣ್ಯದಿಂದ ಅದು ಸಿದ್ಧಿಸದು. ಆದರೆ ರೋಗಕ್ಕೆ ಕೊಟ್ಟ ಹೆಸರು ರೋಗಿಯ ಹಕ್ಕನ್ನು ಎಂದೆಂದಿಗೂ ಕಟ್ಟಿಹಾಕಬಾರದೆಂಬ ವಿವೇಕವು ಕಲ್ಯಾಣದ ಪಂಡಿತನಿಗೆ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಹೊಳೆದಿದ್ದಿತೆಂಬುದು ಅವನ ಗ್ರಂಥದಿಂದಲೇ ಸಿದ್ಧವಾಗುತ್ತದೆ.